ಹೊಳೆದಂಡೆಯ ಜೀರಿಗೆ ಅಪ್ಪೆಮರ ಒಣಗ್ತಾ ಇದೆ, ಕಸಿ ಕಟ್ಟಿ ಉಳಿಸೋದು ಹೇಗೆ? ಮಿಡಿ ಬೇರೆ ಭರಣಿಯಲ್ಲಿ ಮೆತ್ತಗಾಗ್ತಿದೆ

ಹೊಳೆಸಾಲು
ಹೊಸನಗರ ತಾಲ್ಲೂಕು, ಶರಾವತಿಗೆ ಸೇರುವ ಹಳ್ಳದ ದಂಡೆ. ಹಳೇ ಜೀರಿಗೆ ಅಪ್ಪೆಮರ (ಜೀರಿಗೆ ಪರಿಮಳದ ಮಿಡಿ ಬಿಡೋ ಉಪ್ಪಿನಕಾಯಿ ಮಾವು), ಬುಡ ಇಬ್ಬರು ತಬ್ಬಿದರೂ ಸಿಗೋದಿಲ್ಲ. ಹಳ್ಳದ ಕಡೆ ಮಣ್ಣು ಕುಸಿದು ಬೇರು ಹೊರಗೆ ಕಾಣ್ತಿದೆ. ಪೂರ್ವದ ಎರಡು ದೊಡ್ಡ ಟೊಂಗೆ ಎಲೆ ಉದುರಿಸಿ ನಿಂತಿವೆ. ಈ ವರ್ಷ ಮಿಡಿ ನಿಂತಿದ್ದು ಪಶ್ಚಿಮದ ಟೊಂಗೆಗಳಲ್ಲಿ ಮಾತ್ರ.

ಕೇಳಬೇಕಾಗಿದ್ದು ಎರಡು. ಇದೇ ಮರದ ಗಿಡ ಮಾಡಿಕೊಳ್ಳೋಕೆ ಗೊರಟು ಹಾಕಿದರೆ ಸಾಕಾ, ಕಸಿಯೇ ಕಟ್ಟಬೇಕಾ? ಕಸಿ ಅಂದರೆ ಕಡ್ಡಿ ಯಾವಾಗ ತೆಗೀಬೇಕು? ಇನ್ನೊಂದು, ಇದರ ಮಿಡಿ ಉಪ್ಪಿನಕಾಯಿ ಮೊದಲು ಮೂರು ವರ್ಷವಾದರೂ ಕಟುಂ ಅನ್ನೋದು. ಈಗ ದೀಪಾವಳಿ ಹೊತ್ತಿಗೇ ಮೆತ್ತಗೆ, ಒಳಗೆ ಟೊಳ್ಳು. ಮರದ ರೋಗಕ್ಕೂ ಇದಕ್ಕೂ ಸಂಬಂಧ ಇದೆಯಾ?

ಗೊರಟು
ಗೊರಟು ಹಾಕಿ ಸುಮ್ಮನಿರಿ. ಕಾಡಿನ ಮರಗಳಿಗೆಲ್ಲ ಯಾರು ಕಸಿ ಕಟ್ಟಿದ್ದು?

ಕಸಿಕತ್ತಿ
ಕಾಡಿನ ಮರಕ್ಕೆ ಯಾರೂ ಕಸಿ ಕಟ್ಟಲಿಲ್ಲ, ಅದಕ್ಕೇ ಸಾವಿರ ಕಾಟುಮಾವಿನ (ಕಾಡಿನ ಸಾಮಾನ್ಯ ಮಾವು) ನಡುವೆ ಒಂದು ಜೀರಿಗೆ ಅಪ್ಪೆ ಇರೋದು. ನಮ್ಮ ಕಡೆಯ ಮಾವಿನಲ್ಲಿ ಹೆಚ್ಚಿನವು ಒಂದು ಗೊರಟಿಗೆ ಒಂದೇ ಮೊಳಕೆ ಬರುವಂಥವು. ಆ ಮೊಳಕೆ ಪರಾಗಸ್ಪರ್ಶದಿಂದ ಹುಟ್ಟಿದ್ದು. ತಾಯಿ ಈ ಮರ, ತಂದೆ ಯಾವ ಕಾಟೋ ಗೊತ್ತಿಲ್ಲ. ಎಂಟು ಹತ್ತು ವರ್ಷ ಕಾದು ಮೊದಲ ಮಿಡಿ ಕಚ್ಚಿ ನೋಡಿದಾಗ ಜೀರಿಗೆ ಪರಿಮಳ ಇಲ್ಲ ಅಂತ ಗೊತ್ತಾದರೆ ಯಾರನ್ನು ಬೈಯೋದು? ಕಸಿಯಲ್ಲಿ ತಾಯಿಮರದ ಗುಣ ಹಾಗೇ ಬರುತ್ತೆ, ಫಸಲೂ ನಾಲ್ಕೈದು ವರ್ಷಕ್ಕೆ ಶುರು.

ಕಡಲತಡಿ
ಎಲ್ಲ ಮಾವಿಗೂ ಈ ಮಾತು ನಿಲ್ಲೋದಿಲ್ಲ ಮಾರಾಯ್ರೆ. ಕರಾವಳಿಯ ಬಪ್ಪಕಾಯಿ, ಕೇರಳದ ಒಳೂರು, ಚಂದ್ರಕಾರನ್ ಇವೆಲ್ಲ ಒಂದು ಗೊರಟಿಗೆ ಮೂರು ನಾಲ್ಕು ಮೊಳಕೆ ಬಿಡ್ತವೆ. ಅದರಲ್ಲಿ ಹೆಚ್ಚಿನವು ತಾಯಿಯ ಅಂಗಾಂಶದಿಂದಲೇ ಹುಟ್ಟಿದವು, ಗುಣ ಬದಲಾಗಲ್ಲ. ಬೇರುಗಿಡಕ್ಕೆ (ಕಸಿಕಡ್ಡಿ ಕೂರಿಸೋ ಕೆಳಗಿನ ಸಸಿ) ಇವನ್ನು ಹುಡುಕೋದೂ ಅದಕ್ಕೇ, ಎಲ್ಲ ಗಿಡ ಒಂದೇ ಸಮ ಬೆಳೀತವೆ.

ಕಸಿಕತ್ತಿ
ಸರಿ. ಹೊಳೆಸಾಲು ಅವರೇ, ಉದುರಿದ ಗೊರಟಿಂದ ಮರದ ಕೆಳಗೆ ಎದ್ದ ಸಸಿ ನೋಡಿ. ಒಂದೇ ಚಿಪ್ಪಿನಿಂದ ಎರಡು ಮೂರು ಕಾಂಡ ಎದ್ದಿದ್ದರೆ ಹೇಳಿ. ಒಂಟಿ ಕಾಂಡವೇ ಆದರೆ ಕಸಿ.

ಸೊಪ್ಪಿನಬೆಟ್ಟ
ಕಸಿ ಆಮೇಲೆ. ಮೊದಲು ಮರ ಯಾಕೆ ಒಣಗ್ತಿದೆ ನೋಡಿ. ಬರೀ ದಂಡೆ ಕುಸಿದರೆ ಒಂದು ಕಡೆ ಟೊಂಗೆ ಸಾಯೋದು ಇಷ್ಟು ಬೇಗ ಆಗಲ್ಲ. ಮೂರು ವಿಷಯ ನೋಡಿ ಬರೀರಿ:
ಬುಡದಿಂದ ಎದೆ ಎತ್ತರದವರೆಗೆ ತೊಗಟೆಯಲ್ಲಿ ತೂತು ಇದೆಯಾ, ಕೆಳಗೆ ಮರದ ಹೊಟ್ಟು ಬಿದ್ದಿದೆಯಾ?
ಒಣಗಿದ ಟೊಂಗೆಯಲ್ಲಿ ಬಂದಳಿಕೆ (ಮರದ ಮೇಲೇ ಬೇರೂರಿ ರಸ ಹೀರೋ ಗಿಡ) ಇದೆಯಾ? ಎಲೆ ದಪ್ಪ, ಹೂ ಕೊಳವೆ ಥರ, ಮಾವಿನ ಎಲೆಗಿಂತ ಬಣ್ಣ ಬೇರೆ.
ಒಣಗಿದ್ದು ತುದಿಯಿಂದ ಕೆಳಗೆ ಬಂತಾ, ಇಡೀ ಟೊಂಗೆ ಒಟ್ಟಿಗೇ ಹೋಯ್ತಾ?

ಹೊಳೆಸಾಲು
ನೋಡಿ ಬಂದೆ. ಮಂಡಿ ಎತ್ತರದಲ್ಲಿ, ಪೂರ್ವದ ಕವಲಿನ ಕೆಳಗೆ ಎರಡು ತೂತು. ಒಂದರಿಂದ ಕಂದು ರಸ ಇಳಿದು ತೊಗಟೆ ಮೇಲೆ ಕರ್ರಗೆ ಒಣಗಿದೆ. ಇನ್ನೊಂದರ ಬಾಯಲ್ಲಿ ನಾರುನಾರಾದ ಒದ್ದೆ ಹೊಟ್ಟು. ಬಂದಳಿಕೆ ಮೂರು ಕಡೆ ಇದೆ, ಒಂದು ಹಸಿ ಟೊಂಗೆಯ ಮೇಲೇ. ಕೆಳಗಿನ ಸಸಿಗಳೆಲ್ಲ ಒಂಟಿ ಕಾಂಡ.

ಸೊಪ್ಪಿನಬೆಟ್ಟ
ಕಾಂಡಕೊರಕ. ಒದ್ದೆ ಹೊಟ್ಟು ಅಂದರೆ ಹುಳ ಒಳಗೆ ಬದುಕಿದೆ. ಉದ್ದ ಕೊಂಬಿನ ದೊಡ್ಡ ಜೀರುಂಡೆಯ ಮರಿ ಅದು, ಬೆಳ್ಳಗೆ, ಬಲಿತರೆ ಬೆರಳುದ್ದ. ತೊಗಟೆ ಕೆಳಗೆ ಸುತ್ತು ಹೊಡೆದು ರಸ ಹೋಗುವ ದಾರಿ ಕತ್ತರಿಸುತ್ತೆ, ಅದಕ್ಕೇ ಅದರ ನೇರದ ಟೊಂಗೆ ಪೂರ್ತಿ ಹೋಗೋದು.

ಮಾಡಬೇಕಾದ್ದು: ತೂತಿನ ಬಾಯಿ ಚಾಕುವಿನಿಂದ ಸ್ವಲ್ಪ ಅಗಲಿಸಿ, ಹೊಟ್ಟು ಪೂರ್ತಿ ತೆಗೀರಿ. ಸೈಕಲ್ ಚಕ್ರದ ಕಡ್ಡಿಯ ತುದಿ ಕೊಕ್ಕೆ ಮಾಡಿ ಒಳಗೆ ತಿರುಗಿಸಿ. ಹುಳ ಸಿಕ್ಕರೆ ಕೊಕ್ಕೆಗೆ ಬರುತ್ತೆ, ಒಳಗೇ ಚುಚ್ಚಿಕೊಂಡು ಸತ್ತರೆ ಕೊಕ್ಕೆ ತುದಿ ಒದ್ದೆಯಾಗುತ್ತೆ. ಆಮೇಲೆ ಪೆಟ್ರೋಲಲ್ಲಿ ಅದ್ದಿದ ಹತ್ತಿ ಒಳಗೆ ತುರುಕಿ ಹಸಿ ಜೇಡಿಮಣ್ಣಿಂದ ಬಾಯಿ ಮುಚ್ಚಿ. ಬೀಡಿ ಸೇದುವವರನ್ನು ಹತ್ತಿರ ಬಿಡಬೇಡಿ. ವಾರ ಬಿಟ್ಟು ನೋಡಿ, ಹೊಸ ಹೊಟ್ಟು ಬಿದ್ದಿದ್ದರೆ ಇನ್ನೊಂದು ಬಾಯಿ ಎಲ್ಲೋ ಇದೆ ಅಂತ ಅರ್ಥ. ಅದನ್ನೂ ಹುಡುಕಿ.

ಒಣ ಟೊಂಗೆ ಮಳೆಗಾಲಕ್ಕೆ ಮುಂಚೆ ಕಡಿಸಿ. ಕಡಿದ ಬಾಯಿಗೆ ಬೋರ್ಡೋ ಮುಲಾಮು: ಮೈಲುತುತ್ತ 100 ಗ್ರಾಂ ಅರ್ಧ ಲೀಟರ್ ನೀರಲ್ಲಿ, ಸುಣ್ಣ 100 ಗ್ರಾಂ ಇನ್ನರ್ಧ ಲೀಟರಲ್ಲಿ, ಬೇರೆ ಬೇರೆ ಕರಗಿಸಿ ಮೂರನೇ ಪಾತ್ರೆಗೆ ಎರಡನ್ನೂ ಒಟ್ಟಿಗೆ ಸುರೀಬೇಕು. ಪ್ಲಾಸ್ಟಿಕ್ ಬಕೆಟ್ ಬಳಸಿ, ಕಬ್ಬಿಣ ಬೇಡ. ಅಡಿಕೆಗೆ ಔಷಧಿ ಹೊಡೆಯುವವರಿಗೆ ಇದೆಲ್ಲ ಹೇಳಬೇಕಾಗಿಲ್ಲ.

ಅಡಿಕೆ ದಬ್ಬೆ
ಕೈಗೊಂದು ಕಬ್ಬಿಣದ ಕತ್ತಿ ಸಿಕ್ಕರೆ ಮುಲಾಮಲ್ಲಿ ಒಂದು ನಿಮಿಷ ಅದ್ದಿ ನೋಡಿ. ಕೆಂಪು ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ. ಹಳೇ ಪುಡಿಸುಣ್ಣದಲ್ಲಿ ಕಸುವಿರಲ್ಲ, ತೂಕ ಸರಿಯಿದ್ದರೂ ಕೆಡುತ್ತೆ.

ಸೊಪ್ಪಿನಬೆಟ್ಟ
ಹೌದು, ಮರೆತಿದ್ದೆ. ಬಂದಳಿಕೆ ವಿಷಯಕ್ಕೂ ಒಂದು ಮಾತು. ಅದನ್ನು ಕೈಯಿಂದ ಕಿತ್ತರೆ ಮತ್ತೆ ಚಿಗುರುತ್ತೆ, ಬೇರು ಟೊಂಗೆಯೊಳಗೆ ಇರುತ್ತಲ್ಲ. ಅಂಟಿದ ಜಾಗದಿಂದ ಒಂದಡಿ ಕೆಳಗೆ ಟೊಂಗೆಯನ್ನೇ ಕತ್ತರಿಸಬೇಕು, ಅದರ ಹಣ್ಣು ಮಾಗುವ ಮೊದಲೇ. ಹಣ್ಣು ತಿಂದ ಹೂಕುಕ್ಕ ಹಕ್ಕಿ ಅಂಟು ಬೀಜವನ್ನು ಪಕ್ಕದ ಟೊಂಗೆಗೆ ಒರೆಸಿ ಹೋಗುತ್ತೆ, ಅಲ್ಲೊಂದು ಹೊಸ ಸಂಸಾರ ಶುರು.

ಘಟ್ಟದಮ್ಯಾಲೆ
ನಮ್ಮಲ್ಲಿ ಬದನಿಕೆ ಅಂತೀವಿ. ಹಸಿ ಟೊಂಗೆ ಮೇಲಿದ್ದರೂ ಕಡಿಯಬೇಕಾ? ಮಿಡಿ ಇರೋ ಟೊಂಗೆ ಅದು.

ಸೊಪ್ಪಿನಬೆಟ್ಟ
ಮಿಡಿ ಕೊಯ್ದು ಕಡೀರಿ.

ಭರಣಿ
ಎಲ್ಲರೂ ಮರದ ಹಿಂದೆ ಬಿದ್ದಿದ್ದೀರಿ, ಎರಡನೇ ಪ್ರಶ್ನೆಗೆ ಉತ್ತರ ಬೇಡವಾ? ಮಿಡಿ ಮೆತ್ತಗಾಗೋಕೆ ಮರದ ರೋಗ ನೇರ ಕಾರಣ ಅಲ್ಲ. ಆದರೆ ಫಸಲು ಕಡಿಮೆ ಅಂತ ಇನ್ನೂ ನಾಲ್ಕು ದಿನ ದಪ್ಪವಾಗಲಿ ಎಂದು ಕಾದಿರ್ತೀರಿ, ಅಲ್ಲೇ ಕೆಟ್ಟಿದ್ದು. ಮಿಡಿಯನ್ನು ಉದ್ದಕ್ಕೆ ಸೀಳಿ ನೋಡಿ. ಚಾಕು ಎಲ್ಲೂ ತಡೆಯದೆ ಇಳೀಬೇಕು, ಒಳಗಿನ ಬೀಜ ಬೆಳ್ಳಗೆ ನೀರುನೀರಾಗಿರಬೇಕು. ಚಿಪ್ಪು ಕಟ್ಟೋಕೆ ಶುರುವಾಗಿದ್ದರೆ ಅದು ಹೋಳಿನ ಉಪ್ಪಿನಕಾಯಿಗೆ ಸರಿ, ಇಡೀ ಮಿಡಿಗೆ ಆಗಲ್ಲ. ಉಪ್ಪು ಒಳಗೆ ಇಳಿಯೋದಿಲ್ಲ, ತಿರುಳು ಮಾತ್ರ ಸೋತು ಚಿಪ್ಪಿನ ಸುತ್ತ ಟೊಳ್ಳು ಬೀಳುತ್ತೆ. ನೀವು ಬರೆದ ಲಕ್ಷಣ ಅದೇ.

ಇನ್ನು ಕೊಯ್ಲು. ಟೊಂಗೆ ಅಲ್ಲಾಡಿಸಿ ಉದುರಿಸಿದ ಮಿಡಿ ಬೇಡವೇ ಬೇಡ. ಬಿದ್ದ ಪೆಟ್ಟು ಅವತ್ತು ಕಾಣಲ್ಲ, ಉಪ್ಪಲ್ಲಿ ಕಪ್ಪು ಮಚ್ಚೆಯಾಗಿ ಏಳುತ್ತೆ, ಆ ಒಂದರಿಂದ ಪಕ್ಕದವೂ ಹೋಗ್ತವೆ. ಚೀಲ ಕಟ್ಟಿದ ದೋಟಿಯಲ್ಲಿ ಕೊಯ್ಯಬೇಕು, ಇಲ್ಲ ಮರ ಹತ್ತಿ ಕೊಯ್ದು ಬುಟ್ಟಿಗೆ ಹಗ್ಗ ಕಟ್ಟಿ ಇಳಿಸಬೇಕು. ತೊಟ್ಟು ಅರ್ಧದಿಂದ ಒಂದಿಂಚು ಇರಲಿ. ತೊಟ್ಟು ಕಿತ್ತರೆ ಸೊನೆ ಚಿಮ್ಮಿ ಹೊರಗೆ ಹೋಗುತ್ತೆ. ಪರಿಮಳ ಇರೋದೇ ಸೊನೆಯಲ್ಲಿ.

ಕೊಯ್ದ ದಿನವೇ, ತಪ್ಪಿದರೆ ಮಾರನೇ ದಿನ ಉಪ್ಪಿಗೆ ಹಾಕಿ. ಒಂದು ಕೆಜಿ ಮಿಡಿಗೆ ಕಾಲು ಕೆಜಿ ಹರಳುಪ್ಪು. ತಳಕ್ಕೆ ಉಪ್ಪು, ಮೇಲೆ ಮಿಡಿ, ಮತ್ತೆ ಉಪ್ಪು, ಕೊನೇ ಪದರ ದಪ್ಪ ಉಪ್ಪು. ಎರಡು ಮೂರು ದಿನಕ್ಕೆ ನೀರು ಬಿಡುತ್ತೆ. ಬೆಳಗ್ಗೆ ಸಂಜೆ ಭರಣಿ ಕುಲುಕಿ, ಕೈ ಹಾಕಬೇಡಿ. ನೀರು ಬಿಟ್ಟ ಮೇಲೆ ಮಿಡಿ ತೇಲಬಾರದು, ಪಿಂಗಾಣಿ ತಟ್ಟೆ ಇಟ್ಟು ಅದರ ಮೇಲೆ ತೊಳೆದು ಒಣಗಿಸಿದ ಹೊಳೆಕಲ್ಲು ಇಡಿ. ಹತ್ತರಿಂದ ಹದಿನೈದು ದಿನಕ್ಕೆ ಮಿಡಿ ಚಿರುಟಿ ಸುಕ್ಕು ಬೀಳುತ್ತೆ. ನುಣ್ಣಗೇ ಉಳಿದವನ್ನು ಬೇರೆ ತೆಗೀರಿ, ಮುಂದೆ ಕೆಡೋದು ಅವೇ.

ಪಟ್ಟಣವಾಸಿ
ಕಾಲು ಕೆಜಿ ಜಾಸ್ತಿ ಆಗಲ್ವಾ ಅಕ್ಕ? ಬಿಪಿ ಇದ್ದವರು ಮನೆಯಲ್ಲಿದ್ದಾರೆ. ನೂರು ಗ್ರಾಂ ಹಾಕಿ ಫ್ರಿಜ್ಜಲ್ಲಿ ಇಟ್ಟರೆ?

ಭರಣಿ
ಬಿಪಿ ಇದ್ದವರು ಒಂದು ಮಿಡಿಯ ಬದಲು ಅರ್ಧ ತಿನ್ನಲಿ. ಉಪ್ಪು ಕಡಿಮೆ ಮಾಡಿ ವರ್ಷ ಇಡೋ ಉಪ್ಪಿನಕಾಯಿ ಅಂತ ಇಲ್ಲ. ಫ್ರಿಜ್ಜಲ್ಲಿ ಕೆಲವು ವಾರ ತಡೀಬಹುದು, ಆದರೆ ನೂರು ಗ್ರಾಂ ಉಪ್ಪಲ್ಲಿ ಮಿಡಿ ಚಿರುಟೋದೇ ಇಲ್ಲ.

ಹೊಳೆಸಾಲು
ಅಕ್ಕ, ಮಸಾಲೆ ಅಳತೆಯೂ ಹೇಳಿಬಿಡಿ. ನಮ್ಮಲ್ಲಿ ಉಪ್ಪುನೀರು ಚೆಲ್ಲಿ ಹೊಸ ನೀರು ಕುದಿಸಿ ಹಾಕ್ತಾರೆ.

ಭರಣಿ
ಅಯ್ಯೋ, ಚೆಲ್ಲೋದಾ! ಇದೇ ನಿಮ್ಮ ಇನ್ನೊಂದು ಕಾರಣ. ಹೊಸ ನೀರಲ್ಲಿ ಉಪ್ಪು ಎಷ್ಟು ಅಂತ ಯಾರೂ ಅಳೆದಿರಲ್ಲ, ಸೊನೆಯ ಅಂಶವೂ ಹೋಯ್ತು. ಮಿಡಿ ಬಸಿದು, ಅದೇ ಉಪ್ಪುನೀರನ್ನು ಕುದಿಸಿ, ಮೇಲೆ ಬರೋ ನೊರೆ ತೆಗೆದು, ರಾತ್ರಿಯಿಡೀ ಆರಲು ಬಿಡಿ. ಉಗುರುಬೆಚ್ಚಗಿದ್ದಾಗ ಸುರಿದರೂ ಮಿಡಿ ಬೆಂದು ಮೆತ್ತಗಾಗುತ್ತೆ. ಒಂದು ಕೆಜಿ ಮಿಡಿಗೆ ಸಾಸಿವೆ 100 ಗ್ರಾಂ, ಮೆಣಸು 125 ಗ್ರಾಂ, ಅರಿಶಿನ ಎರಡು ಚಮಚ. ಮೆಣಸು ಮುಕ್ಕಾಲು ಪಾಲು ಬ್ಯಾಡಗಿ ಬಣ್ಣಕ್ಕೆ, ಉಳಿದದ್ದು ಗುಂಟೂರು ಖಾರಕ್ಕೆ. ಎರಡನ್ನೂ ಬಿಸಿಲಲ್ಲಿ ಗರಿಗರಿ ಒಣಗಿಸಿ. ಸಾಸಿವೆಯನ್ನು ಆರಿದ ಉಪ್ಪುನೀರಲ್ಲೇ ಅರೀಬೇಕು, ಬಾವಿನೀರು ಒಂದು ಹನಿ ತಾಗಬಾರದು. ಮಿಕ್ಸಿ ಬಿಸಿಯಾಗುವ ತನಕ ಓಡಿಸಿದರೆ ಸಾಸಿವೆ ಕಹಿ ಬರುತ್ತೆ, ನಿಲ್ಲಿಸಿ ನಿಲ್ಲಿಸಿ ಅರೀರಿ. ಕಲಸಿ ಕಟ್ಟಿಟ್ಟ ಮೇಲೆ ಎರಡು ತಿಂಗಳು ಮುಚ್ಚಳ ತೆಗೆಯೋ ಹಾಗಿಲ್ಲ.

ಶಿರಸಿ ಮಾಣಿ
ಮಿಡಿ ತೊಳೀಬೇಕೋ ಬೇಡವೋ ಅದನ್ನು ಹೇಳಲೇ ಇಲ್ಲ. ನಮ್ಮ ಕಡೆ ಒರೆಸೋದು ಅಷ್ಟೇ.

ಭರಣಿ
ರಸ್ತೆ ಬದಿ ಧೂಳಿನ ಮರವಾದರೆ ತೊಳೆದು, ಪಂಚೆ ಮೇಲೆ ಹರಡಿ ನೆರಳಲ್ಲಿ ಪೂರ್ತಿ ಒಣಗಿಸಿ. ಕಾಡಿನ ಮರವಾದರೆ ಒರೆಸಿದರೆ ಸಾಕು. ತೊಟ್ಟಿನ ಬುಡದ ಗುಳಿಯಲ್ಲಿ ನೀರು ಉಳಿಯುತ್ತೆ, ಬೂಷ್ಟು ಹುಟ್ಟೋದು ಅಲ್ಲಿಂದ.

ಕಡಲತಡಿ
ಮೇಲೆ ಎರಡು ಇಂಚು ಎಳ್ಳೆಣ್ಣೆ ನಿಲ್ಲಿಸಿದರೆ ಯಾವ ಬೂಷ್ಟೂ ಬರಲ್ಲ.

ಶಿರಸಿ ಮಾಣಿ
ಎಣ್ಣೆ ಹಾಕಿದ ಮೇಲೆ ಅಪ್ಪೆಮಿಡಿಯಾದರೇನು, ಕಾಟುಮಿಡಿಯಾದರೇನು! ಎಣ್ಣೆಯ ಪರಿಮಳ ಒಂದೇ ಬರೋದು.

ಭರಣಿ
ಜಗಳ ಬೇಡ. ದೊಡ್ಡ ಭರಣಿಗೆ ಎಣ್ಣೆ ಬೇಡ. ಕಾಯಿಸಿ ಆರಿಸಿದ ಎಣ್ಣೆಯಲ್ಲಿ ಅದ್ದಿದ ಬಟ್ಟೆ ಬಾಯಿಗೆ ಹೊದಿಸಿ ಕಟ್ಟಿ. ತಿನ್ನೋಕೆ ತಿಂಗಳಿಗಾಗುವಷ್ಟು ಸಣ್ಣ ಜಾಡಿಗೆ ತೆಗೆದುಕೊಳ್ಳಿ. ದಿನಾ ದೊಡ್ಡ ಭರಣಿಯ ಬಾಯಿ ತೆಗೆಯೋ ಮನೆಯಲ್ಲಿ ಎಣ್ಣೆ ಹಾಕಿದರೂ ಕೆಡುತ್ತೆ.

ಕಸಿಕತ್ತಿ
ಈಗ ಕಸಿಗೆ ಬರೋಣ. ಕಡ್ಡಿಗೆ ಮೂರು ನಾಲ್ಕು ತಿಂಗಳು ವಯಸ್ಸಿನ ತುದಿರೆಂಬೆ ಬೇಕು. ಪೆನ್ಸಿಲ್ ದಪ್ಪ, ಗೇಣುದ್ದಕ್ಕಿಂತ ಸ್ವಲ್ಪ ಕಡಿಮೆ, ಈ ಸಲ ಹೂ ಬಿಡದೇ ಇದ್ದದ್ದು. ಹಳೇ ಮರದಲ್ಲಿ ಇಂಥ ರೆಂಬೆ ಸಿಗೋದೇ ಕಷ್ಟ, ಎಲ್ಲ ಗಿಡ್ಡ ಗಿಡ್ಡ ಇರ್ತವೆ. ಅದಕ್ಕೆ ಈಗಲೇ, ಮಿಡಿ ಕೊಯ್ದ ಕೂಡಲೇ, ಪಶ್ಚಿಮದ ಕಡೆ ಬಿಸಿಲು ಬೀಳುವ ಮಣಿಕಟ್ಟು ದಪ್ಪದ ಒಂದೆರಡು ಟೊಂಗೆ ಕತ್ತರಿಸಿ ಬಿಡಿ. ಅಲ್ಲಿಂದ ಬರೋ ಹೊಸ ಚಿಗುರು ಬಲಿತು ಜುಲೈ, ಆಗಸ್ಟ್ ಹೊತ್ತಿಗೆ ಕಡ್ಡಿಯಾಗುತ್ತೆ.

ಕತ್ತರಿಸುವ ಏಳೆಂಟು ದಿನ ಮೊದಲು ಆ ರೆಂಬೆಗಳ ಎಲೆ ಸವರಬೇಕು, ಎಲೆತೊಟ್ಟು ಮಾತ್ರ ಬಿಡಿ. ತೊಟ್ಟು ತಾನಾಗೇ ಉದುರಿ ತುದಿಮೊಗ್ಗು ಉಬ್ಬಿದಾಗ ಕಡ್ಡಿ ಹದಕ್ಕೆ ಬಂದಿದೆ. ಮೊಗ್ಗು ಒಡೆದು ಹಸಿರು ಕಂಡರೆ ತಡವಾಯ್ತು.

ಬೇರುಗಿಡಕ್ಕೆ ಎರಡು ದಾರಿ. ಹೋದ ವರ್ಷದ ಕಾಟುಮಾವಿನ ಸಸಿ ಇದ್ದರೆ ಮೃದುಕಾಂಡ ಕಸಿ: ಸಸಿಯ ಹೊಸ ತಾಮ್ರಬಣ್ಣದ ಚಿಗುರಿನ ಮೇಲೇ ಕಟ್ಟೋದು. ಇಲ್ಲದಿದ್ದರೆ ಗೊರಟು ಕಸಿ: ಮೇ ಕೊನೆಗೆ ಕಾಟುಹಣ್ಣಿನ ಗೊರಟು ಆರಿಸಿ ತಡಮಾಡದೆ ಬಿತ್ತಿ. ಮಾವಿನ ಗೊರಟು ಒಣಗಿಸಿ ಇಟ್ಟರೆ ಒಂದು ತಿಂಗಳಲ್ಲೇ ಸತ್ತುಹೋಗುತ್ತೆ. ಮೊಳಕೆ ಎದ್ದು ಹತ್ತು ಹದಿನೈದು ದಿನ, ಎಲೆ ಇನ್ನೂ ಕೆಂಪಗಿರುವಾಗ, ಕಾಂಡವನ್ನು ನಾಲ್ಕು ಬೆರಳು ಎತ್ತರದಲ್ಲಿ ಕತ್ತರಿಸಿ ನಡುವೆ ಒಂದೂವರೆ ಇಂಚು ಸೀಳಿ. ಕಡ್ಡಿಯ ಬುಡ ಎರಡೂ ಕಡೆ ಅಷ್ಟೇ ಉದ್ದ ಬೆಣೆಯಂತೆ ಕೆತ್ತಿ. ಒಂದೇ ಎಳೆತಕ್ಕೆ ಕೆತ್ತಬೇಕು, ಗರಗಸದ ಹಾಗೆ ಹಿಂದೆ ಮುಂದೆ ಎಳೆದರೆ ನಡುವೆ ಸಂದು ಉಳಿದು ನೀರು ನಿಲ್ಲುತ್ತೆ. ಕಡ್ಡಿ ಸಸಿಗಿಂತ ದಪ್ಪವಿದ್ದರೆ ಒಂದು ಕಡೆಯ ತೊಗಟೆಯಾದರೂ ಸರಿಯಾಗಿ ಕೂಡಲಿ. ಪ್ಲಾಸ್ಟಿಕ್ ಪಟ್ಟಿಯಿಂದ ಕೆಳಗಿನಿಂದ ಮೇಲಕ್ಕೆ ಬಿಗಿಯಾಗಿ ಸುತ್ತಿ. ಮೇಲೆ ಐಸ್‌ಕ್ಯಾಂಡಿ ಕೊಟ್ಟೆ ಮುಚ್ಚಿ ಬುಡಕ್ಕೆ ಕಟ್ಟಿ, ನೆರಳಲ್ಲಿಡಿ. ಎರಡು ಮೂರು ವಾರಕ್ಕೆ ಚಿಗುರು ಬರುತ್ತೆ. ಎಲೆ ಬಿಚ್ಚಿದಾಗ ಕೊಟ್ಟೆ ತೆಗೀರಿ, ಮೋಡದ ದಿನ ಸಂಜೆ. ಕಸಿಯ ಕೆಳಗಿನಿಂದ ಬರೋ ಚಿಗುರನ್ನು ಕಂಡ ಕೂಡಲೇ ಚಿವುಟಿ. ಮರೆತವರ ತೋಟದಲ್ಲಿ ಕಡ್ಡಿ ಸತ್ತು ಕಾಟುಮಾವು ಎದ್ದಿರುತ್ತೆ, ಅವರು ಅದಕ್ಕೇ ಗೊಬ್ಬರ ಹಾಕ್ತಿರ್ತಾರೆ.

ಪಟ್ಟಣವಾಸಿ
ಕಸಿ ಅಪ್ಪೆಮಿಡಿಗೆ ಹೊಳೆದಂಡೆಯ ಪರಿಮಳ ಬರಲ್ಲ ಅಂತಾರಲ್ಲ?

ಕಸಿಕತ್ತಿ
ಪರಿಮಳ ಕಡ್ಡಿಯ ಗುಣ, ಅದು ಮಣ್ಣಿನಿಂದ ಬರೋದಲ್ಲ. ಎಳೆಗಿಡದ ಮೊದಲ ಒಂದೆರಡು ಫಸಲು ಸಪ್ಪೆ ಇರಬಹುದು, ಅದಕ್ಕೇ ಮೊದಲ ಎರಡು ಮೂರು ವರ್ಷದ ಹೂ ಮುರಿಯೋದು. ಆಮೇಲೂ ಬರಲಿಲ್ಲ ಅಂದರೆ ಹೆಚ್ಚಿನ ಸಲ ಗಿಡದ ಚೀಟಿಯೇ ಸುಳ್ಳು.

ಮಿಡಿ ಸಂತೆ
ಚೀಟಿ ಸುಳ್ಳು ಅನ್ನೋದು ಮಿಡಿ ವ್ಯಾಪಾರದಲ್ಲೂ ಅಷ್ಟೇ. ರಿಪ್ಪನ್‌ಪೇಟೆ, ಸಾಗರ ಕಡೆ ನೂರರ ಲೆಕ್ಕದಲ್ಲಿ ಕೊಳ್ಳುವವರು ಮೂಟೆಯ ಮೇಲಿನ ಮಿಡಿ ನೋಡಿ ಸೋಲಬೇಡಿ. ತಳದಿಂದ ನಾಲ್ಕು ತೆಗೆಸಿ. ತೊಟ್ಟು ಮುರಿದರೆ ಸೊನೆ ತಟ್ಟನೆ ಉಕ್ಕಬೇಕು. ಬೆರಳಿಗೆ ಉಜ್ಜಿ ಐದು ನಿಮಿಷ ಬಿಟ್ಟು ಮೂಸಿ, ಕಾಟುಮಿಡಿಯ ವಾಸನೆ ಅಷ್ಟರಲ್ಲಿ ಹೋಗಿರುತ್ತೆ, ಅಪ್ಪೆಯದು ಉಳಿದಿರುತ್ತೆ. ಸೊನೆಯೇ ಬರಲಿಲ್ಲ ಅಂದರೆ ಕೊಯ್ದು ದಿನಗಳಾಗಿವೆ.

ಶಿರಸಿ ಮಾಣಿ
ಹೆಸರು ನೋಡಿ ಕೊಂಡವ ಕೆಟ್ಟ. ಮಾಳಂಜಿ, ಅನಂತಭಟ್ಟನ ಅಪ್ಪೆ, ಕರ್ಣಕುಂಡಲ ಅಂತ ಹೆಸರಾದ ಅಪ್ಪೆ ತಳಿಗಳು... ಪೇಟೆಯಲ್ಲಿ ಮಾರೋ ಅಷ್ಟೂ ಮಾಳಂಜಿ ನಿಜವಾಗಿದ್ದರೆ ಮಲೆನಾಡಲ್ಲಿ ಬೇರೆ ಮರವೇ ಇರ್ತಿರಲಿಲ್ಲ.

ಘಟ್ಟದಮ್ಯಾಲೆ
ಅಪ್ಪೆಮಿಡಿಗೆ ಭೌಗೋಳಿಕ ಸೂಚಕ ಸಿಕ್ಕಿದೆಯಲ್ಲ, ಹೆಸರಿಗೆ ರಕ್ಷಣೆ ಇಲ್ವಾ?

ಮಿಡಿ ಸಂತೆ
ಸಿಕ್ಕಿರೋದು ಅಪ್ಪೆಮಿಡಿ ಅನ್ನೋ ಹೆಸರಿಗೆ. ಮೂಟೆ ಬಿಚ್ಚಿ ನೋಡೋರು ಯಾರು? ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಅಪ್ಪೆಮಿಡಿ ತಳಿಗಳ ಸಂಗ್ರಹ ಇದೆ, ಅದು ದೊಡ್ಡ ಕೆಲಸ. ಆದರೆ ಮೂಲ ಮರ ದಂಡೆಯಲ್ಲಿ ನಿಂತಿರಬೇಕು. ಈಗ ಮರ ಹತ್ತುವವರು ಸಿಗಲ್ಲ ಅಂತ ಟೊಂಗೆಯನ್ನೇ ಕಡಿದು ಕೆಳಗೆ ಕೂತು ಮಿಡಿ ಬಿಡಿಸ್ತಾರೆ. ಕಡಿದ ಟೊಂಗೆಯಲ್ಲಿ ಮತ್ತೆ ಹೂ ಕಾಣೋಕೆ ಎಷ್ಟೋ ವರ್ಷ ಬೇಕು.

ಮುಳುಗಡೆ
ದಂಡೆಯ ಮರಗಳ ಲೆಕ್ಕ ಹೇಳೋದಾದರೆ ಶರಾವತಿಗೆ ಕಟ್ಟಿದ 1964ರ ಲಿಂಗನಮಕ್ಕಿ ಅಣೆಕಟ್ಟಿನಿಂದ ಶುರು ಮಾಡಿ. ಅದಕ್ಕೂ ಮುಂಚೆ 1948ರಲ್ಲಿ ಮಡೆನೂರಲ್ಲಿ ಹಿರೇಭಾಸ್ಕರ ಅಣೆಕಟ್ಟು ಆಗಿತ್ತು, ಅದೂ ಲಿಂಗನಮಕ್ಕಿ ನೀರಲ್ಲೇ ಮುಳುಗಿತು. ಊರು, ಗದ್ದೆ, ತೋಟ ಹೋದದ್ದನ್ನು ಬರೆದಿಟ್ಟರು. ಹೊಳೆಸಾಲಿನ ಮಾವಿನ ಮರಗಳನ್ನು ಯಾರು ಎಣಿಸಿದರು? ಅಘನಾಶಿನಿಗೆ ಅಣೆಕಟ್ಟು ಇಲ್ಲ, ಅಲ್ಲಿನ ದಂಡೆ ನೋಡಿದರೆ ಶರಾವತಿ ಕಣಿವೆಯಲ್ಲಿ ಏನಿತ್ತು ಅಂತ ಅಂದಾಜಾಗುತ್ತೆ.

ಪಟ್ಟಣವಾಸಿ
ನೀರು ಇಳಿದ ವರ್ಷ ಮಡೆನೂರು ಅಣೆಕಟ್ಟು ಕಾಣುತ್ತೆ ಅಲ್ವಾ? ಸಿಗಂದೂರು ಲಾಂಚಲ್ಲಿ ಹೋಗಬೇಕಾ?

ಮುಳುಗಡೆ
ಬೇಸಿಗೆ ಕೊನೆಗೆ, ನೀರು ತೀರಾ ಕಡಿಮೆ ಇದ್ದ ವರ್ಷ ಕಾಣುತ್ತೆ. ಸಿಗಂದೂರಿಗೆ ಈಗ ಲಾಂಚ್ ಬೇಕಿಲ್ಲ, 2025ರ ಜುಲೈಯಲ್ಲಿ ಸೇತುವೆ ಆಯ್ತು.

ಅಡಿಕೆ ದಬ್ಬೆ
ಸಿಗಂದೂರಿಂದ ವಾಪಸ್ ಬನ್ನಿ. ದಂಡೆ ಕುಸಿತಕ್ಕೆ ಯಾರೂ ಹೇಳಲಿಲ್ಲ. ಹೊರಬಿದ್ದ ಬೇರಿನ ಮೇಲೆ ಜೆಸಿಬಿಯಲ್ಲಿ ಮಣ್ಣು ಸುರಿಸಬೇಡಿ. ಮೊದಲ ಪ್ರವಾಹಕ್ಕೆ ಅದು ಹೋಗುತ್ತೆ, ಹೋಗುವಾಗ ಹಳೇ ಮಣ್ಣನ್ನೂ ಕರ್ಕೊಂಡು ಹೋಗುತ್ತೆ. ಬುಡಕ್ಕೆ ರಾಶಿ ಹಾಕಿದರೆ ತೊಗಟೆಯೂ ಕೊಳೆಯುತ್ತೆ. ನೀರಿನ ಮಟ್ಟದಲ್ಲಿ ಗೂಟ ಹೊಡೆದು, ಹಿಂದೆ ಕಾಡುಗಲ್ಲನ್ನು ಸಿಮೆಂಟಿಲ್ಲದೆ ಒಳಕ್ಕೆ ವಾಲಿಸಿ ಪೇರಿಸಿ, ಸಂದಿಗೆ ಮಣ್ಣು ತುಂಬಿ. ಮಳೆ ಹಿಡಿದ ಕೂಡಲೇ ಕಲ್ಲಿನ ಸಂದಿಯಲ್ಲಿ ಲಕ್ಕಿ ಗೂಟ, ಮೇಲೆ ವಾಟೆ, ನೀರಂಚಿಗೆ ಕೇದಗೆ ನೆಡಿ. ಲಕ್ಕಿ ಕಡ್ಡಿ ಊರಿದರೆ ಬದುಕುತ್ತೆ, ದನ ಮುಟ್ಟಲ್ಲ. ದಂಡೆ ಸರ್ಕಾರಿ ಜಾಗವಾದರೆ ಕಲ್ಲು ಇಳಿಸುವ ಮೊದಲು ಪಂಚಾಯ್ತಿಗೂ ಫಾರೆಸ್ಟ್ ಗಾರ್ಡಿಗೂ ಹೇಳಿ.

ಕಡಲತಡಿ
ಇಷ್ಟೆಲ್ಲ ಆದ ಮೇಲೆ ಊಟಕ್ಕೆ ಎಂತ? ಅಪ್ಪೆಹುಳಿ ಮಾಡೋ ಕ್ರಮ ಯಾರಾದರೂ ಹೇಳಿ.

ಶಿರಸಿ ಮಾಣಿ
ಹುಳಿಮಾವು ಬೇಯಿಸಿ, ಕಿವುಚಿ, ಸಿಪ್ಪೆ ಗೊರಟು ತೆಗೆದು ತೆಳ್ಳಗೆ ನೀರು ಮಾಡಿ. ಉಪ್ಪು, ಜಜ್ಜಿದ ಹಸಿಮೆಣಸು, ಚೂರು ಬೆಲ್ಲ. ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಇಂಗು ಒಗ್ಗರಣೆ. ಒಗ್ಗರಣೆ ಬಿದ್ದ ಮೇಲೆ ಕುದಿಸಬಾರದು. ಮಾವಿಲ್ಲದ ಕಾಲಕ್ಕೆ ಉಪ್ಪಲ್ಲಿಟ್ಟ ನಾಲ್ಕೈದು ಮಿಡಿ ಜಜ್ಜಿದರೂ ಆಗುತ್ತೆ, ಆಗ ಉಪ್ಪು ಹಾಕಬೇಡಿ. ಊಟದ ಕೊನೆಗೆ ಲೋಟದಲ್ಲಿ ಕುಡಿಯೋದು, ಆಮೇಲೆ ನಿದ್ದೆ ಬಂದರೆ ನಾನು ಜವಾಬ್ದಾರ ಅಲ್ಲ.

ಭರಣಿ
ಬೆಲ್ಲ ಯಾಕೆ ಮಾಣಿ? ಅಪ್ಪೆಹುಳಿಗೆ ಬೆಲ್ಲ ಹಾಕಿದರೆ ಅದು ಪಾನಕ.

ಶಿರಸಿ ಮಾಣಿ
ಚೂರು ಅಂದೆ ಅಕ್ಕ, ಅಚ್ಚು ಅನ್ನಲಿಲ್ಲ!

ಹೊಳೆಸಾಲು
ಇವತ್ತಿನ ವರದಿ: ಎರಡನೇ ತೂತಿಂದ ಹುಳ ಕೊಕ್ಕೆಗೆ ಬಂತು, ತೋರುಬೆರಳಿನಷ್ಟಿತ್ತು. ಮೊದಲನೇದರಲ್ಲಿ ಏನೂ ಸಿಗಲಿಲ್ಲ, ಎರಡಕ್ಕೂ ಹತ್ತಿ ತುರುಕಿ ಮಣ್ಣು ಮೆತ್ತಿದೆ. ಟೊಂಗೆ ಹತ್ತುವವರು ನಾಳಿದ್ದು ಬರ್ತಾರೆ. ಕಡ್ಡಿಯನ್ನು ಬೇರೆ ಊರಿಗೆ ಕಳಿಸಬಹುದಾ, ಎಷ್ಟು ದಿನ ತಡೆಯುತ್ತೆ?

ಕಸಿಕತ್ತಿ
ಒದ್ದೆ ಬಟ್ಟೆ ಹಿಂಡಿ ಸುತ್ತಿ ಪ್ಲಾಸ್ಟಿಕ್ ಕೊಟ್ಟೆಯಲ್ಲಿಟ್ಟರೆ ಮೂರು ನಾಲ್ಕು ದಿನ. ಬಟ್ಟೆಯಿಂದ ನೀರು ಸೋರಬಾರದು, ಕೊಳೆಯುತ್ತೆ. ಪ್ರತಿ ಕಟ್ಟಿಗೂ ಮರದ ಹೆಸರು, ಕತ್ತರಿಸಿದ ದಿನ ಬರೆದ ಚೀಟಿ ಕಟ್ಟಿ. ಪೆನ್ಸಿಲ್ಲಲ್ಲಿ ಬರೀರಿ, ಪೆನ್ನಿನ ಶಾಯಿ ಇಳಿದುಹೋಗುತ್ತೆ.

ಘಟ್ಟದಮ್ಯಾಲೆ
ಹಾಗಾದರೆ ಆಗಸ್ಟಲ್ಲಿ ನನಗೂ ಹತ್ತು ಕಡ್ಡಿ. ಬದಲಿಗೆ ಮಾಳಂಜಿ ಕೊಡ್ತೀನಿ.

ಶಿರಸಿ ಮಾಣಿ
ಯಾವ ಮಾಳಂಜಿ?

ಘಟ್ಟದಮ್ಯಾಲೆ
ಬನ್ನಿ, ತೊಟ್ಟು ಮುರಿದು ಮೂಸಿ ನೋಡಿ. ಏಪ್ರಿಲ್ ಎರಡನೇ ವಾರದವರೆಗೆ ಮಿಡಿ ಮರದಲ್ಲಿರುತ್ತೆ.